ಏಳನೇ ಹಾಸಿಗೆಯ ಹಾಳೆ

ಬೆಳಗಿನ ಒಂಬತ್ತೂವರೆಗೆ ಏಳನೇ ಹಾಸಿಗೆಯ ಅಜ್ಜ ಬೆವತು, ಮೈ ತಣ್ಣಗಾಗಿ ಬಿದ್ದಿದ್ದರು. ಗ್ಲೂಕೋಸ್ ಏರಿಸಿ ಹೇಗೋ ಉಳಿಸಿಕೊಂಡೆವು. ಒಂದೇ ಬೆಳಿಗ್ಗೆ ಅವರಿಗೆ ಎರಡು ಸಲ ಇನ್ಸುಲಿನ್ ಕೊಟ್ಟಾಗಿತ್ತು.

ಮೊದಲು ಕೊಟ್ಟವಳು ಆಯ್ತಕ್ಕ. ಯಾರು ಏನು ಹೇಳಿದರೂ 'ಆಯ್ತಕ್ಕ' ಅನ್ನುತ್ತಾಳೆಂದು ವಾರ್ಡಿನಲ್ಲಿ ಅವಳಿಗೆ ಅದೇ ಹೆಸರು. ಪಾಳಿ ಮುಗಿದರೂ ಮನೆಗೆ ಹೋಗದೆ ಇನ್ನೊಬ್ಬರ ಪಾಲಿನ ಹಾಸಿಗೆ ಸರಿಮಾಡುವವಳು. ರೋಗಿಗಳಿಗೆಲ್ಲ ಅವಳೇ ಬೇಕು. ಸುಳ್ಳೇಕೆ, ನನಗೂ ಹೊಟ್ಟೆ ಉರಿಯುತ್ತಿತ್ತು.

ಎರಡನೆಯ ಸಲ ಕೊಟ್ಟವರು ಹಿರಿಯಕ್ಕ, ನಮ್ಮೆಲ್ಲರಿಗಿಂತ ಹಳಬರು. ಏಳನೇ ಹಾಸಿಗೆ ಅವರ ಪಾಲಿನದು.

"ಸಹಾಯ ಮಾಡ್ತೀನಿ ಅಂತ ಚುಚ್ಚಿದ್ದಾಳೆ, ಸಹಿ ಹಾಕಿಲ್ಲ. ನನಗೆ ಹೇಗೆ ಗೊತ್ತಾಗ್ಬೇಕು?"

"ಹಾಕಿದ್ದೆ," ಎಂದಳು ಆಯ್ತಕ್ಕ.

ಬೆಳಗಿನ ಇನ್ಸುಲಿನ್‌ಗೆಂದೇ ಇರುವ ಹಾಳೆ ತೆಗೆದು ನೋಡಿದರೆ—ಅವಳ ಸಹಿಯೇ ಇರಲಿಲ್ಲ! ಮಧ್ಯಾಹ್ನದೊಳಗೆ ನಮ್ಮ ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ವರದಿ ಕೊಡಬೇಕು. ತಪ್ಪು ಆಯ್ತಕ್ಕನದಾದರೆ ಅವಳ ಕೆಲಸ ಹೋದಂತೆಯೇ. ಬರೆದುಕೊಳ್ಳಲು ಮೇಟ್ರನ್ ನನ್ನನ್ನು ಕೂರಿಸಿಕೊಂಡರು. ಒಳಗೊಳಗೇ ನನಗೆ ಖುಷಿಯಾಗಿತ್ತು.

ಮೇಟ್ರನ್ ಹಾಳೆಯನ್ನು ಬೆಳಕಿಗೆ ಹಿಡಿದರು. ಸೋಮವಾರದಿಂದ ಇವತ್ತು ಗುರುವಾರದವರೆಗೆ ನಾಲ್ಕು ಸಹಿ, ನಾಲ್ಕೂ ಹಿರಿಯಕ್ಕನವು. ಅದರಲ್ಲೇನು ವಿಶೇಷ? ಪಾಳಿ ಪಟ್ಟಿಯಲ್ಲೂ ಈ ವಾರ ಬೆಳಿಗ್ಗೆ ಅವರದೇ ಹೆಸರು. ಮೇಟ್ರನ್ ಎದ್ದು, ಆಯ್ತಕ್ಕನನ್ನೂ ನನ್ನನ್ನೂ ಕರೆದುಕೊಂಡು ನೇರವಾಗಿ ಅಜ್ಜನ ಬಳಿ ಹೋದರು.

"ಅಜ್ಜ, ಈ ವಾರ ಬೆಳಿಗ್ಗೆ ನಿಮಗೆ ಯಾರ್ಯಾರು ಚುಚ್ಚಿದ್ರು?"

"ಇವತ್ತು ಇಬ್ರೂ. ಉಳಿದ ದಿನ ಆ ದೊಡ್ಡಮ್ಮನೇ. ಮಂಗಳವಾರ ಮಾತ್ರ ಈ ಮಗು. ಅವತ್ತು ಅವ್ರು ಬಂದೇ ಇರ್ಲಿಲ್ಲ."

ಮೇಟ್ರನ್ ಆಯ್ತಕ್ಕನ ಕಡೆ ತಿರುಗಿದರು. "ಯಾಕೆ ಹೇಳ್ಲಿಲ್ಲ?"

"ಯಾರಿಗೂ ಹೇಳ್ಬೇಡ ಅಂತ ಹಿರಿಯಕ್ಕ ಅಂದಿದ್ರು."

ಕೋಣೆಗೆ ಮರಳಿ ಮೇಟ್ರನ್ ಹಾಳೆಯನ್ನು ಹಿರಿಯಕ್ಕನ ಮುಂದಿಟ್ಟರು. "ನಾಲ್ಕು ದಿನ ಕೈಯಾಡಿದ ಹಾಳೆ, ಅಂಚು ಒಂಚೂರೂ ಮಾಸಿಲ್ಲ. ಇದು ಇವತ್ತು ಬರೆದದ್ದು. ನೀನು ಅವಳ ಸಹಿ ನೋಡದೇ ಚುಚ್ಚಿದೆ. ಆಮೇಲೆ ಅವಳ ಸಹಿಯಿದ್ದ ಹಾಳೆ ಹರಿದು ಹೊಸದು ಮಾಡಿದೆ. ಆದರೆ ಮಂಗಳವಾರಕ್ಕೂ ನಿನ್ನದೇ ಸಹಿ ಹಾಕಿಬಿಟ್ಟೆಯಲ್ಲ? ನಿನ್ನ ಬದಲು ನಿಂತವಳನ್ನ ಎರಡೇ ದಿನಕ್ಕೆ ಮರೆತೆ."

ಮಂಗಳವಾರ ಮಗಳಿಗೆ ಜ್ವರವೆಂದು ಆಯ್ತಕ್ಕನಿಗೆ ತಾವೇ ಫೋನು ಮಾಡಿ ಬೇಡಿಕೊಂಡದ್ದನ್ನು ಹಿರಿಯಕ್ಕ ಒಪ್ಪಿಕೊಂಡರು. ಎರಡನೇ ಸಲ ಚುಚ್ಚಿದ್ದು ಕಣ್ತಪ್ಪಿನಿಂದ, ಹಾಳೆ ಬದಲಿಸಿದ್ದು ಬೇಕೆಂದೇ.

"ಇಲ್ಲಿ ರೋಗಿಗಳು ಅವಳನ್ನೇ ಕರೀತಾರೆ, ಸಹಿಸ್ಕೊಂಡೆ. ಅವತ್ತು ಸಂಜೆ ಮಗಳನ್ನ ನೋಡೋಕೆ ಬಂದಿದ್ಲು. ಈಗ ಮಗಳೂ ಆ ಆಂಟಿ ಯಾವಾಗ ಬರ್ತಾರೆ ಅಂತ ಕೇಳ್ತಾಳೆ. ಪಕ್ಕದಲ್ಲಿ ನಾನು ಕೂತಿರ್ತೀನಿ."

ಅದನ್ನೂ ಬರೆದುಕೊಳ್ಳಲು ಮೇಟ್ರನ್ ನನಗೆ ಹೇಳಿದರು. ನನ್ನ ಕೈ ಓಡಲಿಲ್ಲ. ಹೋದ ತಿಂಗಳು ಆಯ್ತಕ್ಕ ನನ್ನ ಬದಲು ನಿಂತ ಎರಡು ಭಾನುವಾರಗಳು ನನಗೂ ಆಗಷ್ಟೇ ನೆನಪಾದದ್ದು.