ಎಂಟು ಬಾಗಿಲ ಹಾಸ್ಟೆಲು

“ಎಂಟು ಬಾಗಿಲೂ ಉಲ್ಟಾ! ಬೀದಿ ಕಡೆ ಇಡು ಅಂದ್ರೆ ಒಳಗಡೆ ಇಟ್ಟಿದ್ದೀಯಲ್ಲಯ್ಯಾ! ಎಲ್ಲಾ ಒಡೆದು ಕಟ್ಟು!”

ಓವರ್‌ಸಿಯರರ ಕೈಯಲ್ಲಿ ಪ್ಲಾನು ಪಟಪಟ ಬಡಿದುಕೊಂಡಿತು. ಹುಣಸೂರಿನ ಹೊಸ ಹಾಸ್ಟೆಲಿಗೆ ಹುಡುಗರು ಬಂದು ಸೇರಿ ಎರಡು ವಾರವಾಗಿತ್ತು. ಮಹಾರಾಜರ ಸರ್ಕಾರದ ಓವರ್‌ಸಿಯರರಿಗೆ ಪುರುಸೊತ್ತಾದದ್ದು ಇವತ್ತು.

ವೀರಮ್ಮ ಓಡಿಬಂದು ಅಪ್ಪನ ಪಕ್ಕ ನಿಂತಳು. ಹಾಸ್ಟೆಲು ಕಟ್ಟಿದ್ದು ಅವಳ ಅಪ್ಪ, ಗಾರೆ ಮೇಸ್ತ್ರಿ ಚಾಮಯ್ಯ. ಪ್ಲಾನು ಓದಿ ಹೇಳಿದ್ದು ನಾಲ್ಕನೇ ಕ್ಲಾಸಿನ ಅವಳು. ಈಗ ಗೋಡೆ ಒಡೆದರೆ ಅಪ್ಪನ ಹೆಸರೂ ಜೊತೆಗೇ ಬೀಳುತ್ತದೆ.

“ನಾನೇ ತಪ್ಪು ಓದ್ಬುಟ್ನೇನಪ್ಪಾ?”

“ಇಲ್ಲ ಕಣವ್ವ, ಸರಿಯಾಗೇ ಓದ್ದೆ. ನಾನೇ ಬೇಕೂಂತ ತಿರುಗಿಸ್ದೆ.”

ಓವರ್‌ಸಿಯರರ ಹುಬ್ಬು ಪೇಟದೊಳಕ್ಕೆ ಏರಿತು. “ಬೇಕೂಂತ?”

“ಊಂ ಬುದ್ಧಿ. ಸರಗೂರು, ಹಾರನಹಳ್ಳಿ ಕಡೆಯಿಂದ ಬಂದಿರೋ ಐಕ್ಳು. ಬಾಗ್ಲು ಬೀದಿಗಿದ್ರೆ ಅವರವರ ಪಾಡು ಅವರವರಿಗೆ. ಒಬ್ಬ ಜ್ವರ ಬಂದು ಮಲಗಿದ್ರೂ ಪಕ್ಕದವನಿಗೆ ಗೊತ್ತಾಗಕಿಲ್ಲ. ಬಾಗ್ಲೆಲ್ಲ ನಡುವಿನ ತೊಟ್ಟಿ ಅಂಗಳಕ್ಕಿದ್ರೆ, ಒಬ್ಬ ಕೆಮ್ಮಿದ್ರೆ ಎಂಟು ಬಾಗ್ಲಿಗೂ ಕೇಳ್ತದೆ.”

“ಬಾಗಿಲಿಗೆ ಕಿವಿ ಬೇರೆ ಇಟ್ಟಿದ್ದೀಯೋ?”

ಅಷ್ಟರಲ್ಲಿ ಮೂಲೆಯ ಕೋಣೆಯಿಂದ ಮಗ್ಗಿ ಕೇಳಿಸಿತು. “ಹದಿಮೂರೇಳ್ಲಿ ಎಂಬತ್ತೊಂದು...”

“ತೊಂಬತ್ತೊಂದು ಕಣ್ಲಾ!” ಎಂದಿತು ಎದುರಿನ ಕೋಣೆ.

“ನಿಂದು ನೀ ನೋಡ್ಕಳ್ಲಾ!” ಎಂದು ರೇಗಿದರೂ ಮೊದಲನೆಯವನು ತಿದ್ದಿಕೊಂಡ.

“ಮೆಲ್ಲುಗೆ ಯೋಳ್ಲಾ, ನಾನೂ ಸೇರ್ಕತೀನಿ,” ಎಂದ ಮೂರನೆಯ ಕೋಣೆಯವನು.

ಹದಿನಾಲ್ಕರ ಮಗ್ಗಿಗೆ ಬರುವಷ್ಟರಲ್ಲಿ ಎಂಟೂ ಕೋಣೆಗಳು ಒಟ್ಟಿಗೆ ಕೂಗುತ್ತಿದ್ದವು. ಓವರ್‌ಸಿಯರರ ಬೆರಳು, ಅವರನ್ನು ಕೇಳದೆಯೇ, ಪ್ಲಾನಿನ ಮೇಲೆ ತಾಳ ಹಾಕತೊಡಗಿತ್ತು.

ಮಗ್ಗಿ ಮುಗಿಯಿತು. ಅವರು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು.

“ಗೋಡೆ ಇರಲಿ. ಪ್ಲಾನನ್ನೇ ಒಡೆಯೋಣ. ಪಿರಿಯಾಪಟ್ಟಣದಲ್ಲೂ ಒಂದು ಹಾಸ್ಟೆಲು ಏಳಬೇಕು, ಅದೂ ಹೀಗೇ ಇರಲಿ. ಇಲ್ಲಿ ಇನ್ನೂ ಏನೇನು ತಿರುಗಿಸಿದ್ದೀರಿ ಮೇಸ್ತ್ರಿಗಳೇ, ತೋರಿಸಿ ನಡೀರಿ.”

ಚಾಮಯ್ಯ ತೊಟ್ಟಿಗಿಳಿದು ಅಡುಗೆಮನೆಯ ಕಡೆ ನಡೆದ. ಓವರ್‌ಸಿಯರರು ಪ್ಲಾನು ಹಿಡಿದು ಹಿಂದೆ ನಡೆದರು. ಇಂಥವರ ಹಿಂದೆ ಅಪ್ಪ ನಡೆಯುವುದನ್ನಷ್ಟೇ ವೀರಮ್ಮ ಇದುವರೆಗೆ ಕಂಡಿದ್ದಳು.

ಒಂದು ಬಾಗಿಲಿಂದ ತಲೆಯೊಂದು ಇಣುಕಿತು. “ಯಾರಮ್ಮೀ ಅದು, ಮುಂದೆ ಹೋಯ್ತಾವ್ರಲ್ಲ?”

ಎಂಟು ಕೋಣೆಗೂ ಕೇಳುವ ಹಾಗೆ ವೀರಮ್ಮ ಹೇಳಿದಳು:

“ನಮ್ಮಪ್ಪ!”