ಮೊಣಕಾಲುದ್ದ ನೀರಿನ ದಾರಿ

ನೀರೊಳಗೆ ತಲೆಕೆಳಗಾಗಿ ನೇತಾಡುತ್ತಿದ್ದೆ.

ಮೇಲೆ ದೋಣಿ. ಕೆಳಗೆ ಕಪ್ಪು ಹಸಿರು. ಮೂಗಿನ ತುಂಬ ಉಪ್ಪು.

ಸೊಂಟಕ್ಕೆ ರಬ್ಬರ್ ಸ್ಕರ್ಟ್. ಅದರ ಅಂಚು ಕಯಾಕಿನ, ಅಂದರೆ ಒಬ್ಬರೇ ಕಾಲು ಚಾಚಿ ಕೂರುವ ಆ ಉದ್ದ ದೋಣಿಯ, ಬಾಯಿಗೆ ಬಿಗಿಯಾಗಿ ಕೂತಿತ್ತು, ಒಳಗೆ ನೀರು ಬರದಿರಲಿ ಅಂತ. ದೋಣಿ ಮಗುಚಿದರೆ ಸ್ಕರ್ಟಿನ ಮುಂದಿನ ಪಟ್ಟಿ ಎಳೆಯಬೇಕು. ಸ್ಕರ್ಟ್ ಬಿಚ್ಚುತ್ತದೆ. ನೀವು ಹೊರಗೆ. ಎಲ್‌ಕೆಜಿ ಮಕ್ಕಳಿಗೂ ಅರ್ಥವಾಗುವ ವಿಷಯ.

ಪಟ್ಟಿ ಇರಲಿಲ್ಲ.

ಮತ್ತೆ ತಡಕಿದೆ. ನುಣ್ಣನೆಯ ರಬ್ಬರ್ ಅಷ್ಟೇ...

ಆಗ ಗೊತ್ತಾಯಿತು. ಪಟ್ಟಿಯನ್ನು ಮಡಚಿ ಒಳಗೆ ಸಿಕ್ಕಿಸಿದ್ದಾರೆ. ಮಾಡಿದವನೂ ಗೊತ್ತಾದ. ಅರ್ಧ ಗಂಟೆ ಹಿಂದೆ ದಡದಲ್ಲಿ ನಗುನಗುತ್ತಾ "ಬಿಡಿ ಮೇಡಂ, ನಾನೇ ಹಾಕ್ತೀನಿ" ಅಂದವನೇ.

ಅಲ್ಲಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ. ನಾನು ಉಸಿರು ಹಿಡಿದಿದ್ದೆ, ನೀವೂ ಸ್ವಲ್ಪ ಹಿಡಿದುಕೊಳ್ಳಿ.

ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು. ಇಸ್ತ್ರಿ ಅಂಗಡಿಯ ಮೇಲೊಂದು ರೂಮು, ಒಂದು ಮೇಜು, ಎರಡು ಕುರ್ಚಿ. ಓಡಿಹೋದ ಗಂಡನನ್ನು ಹುಡುಕುತ್ತಾ ಕಲಿತ ವಿದ್ಯೆ. ಅವನು ಸಿಕ್ಕ. ನೋಡಿದ ಮೇಲೆ ಬೇಡ ಅನ್ನಿಸಿತು. ವಿದ್ಯೆಯನ್ನು ಮಾತ್ರ ಇಟ್ಟುಕೊಂಡೆ.

ಒಂದು ದಿನ ಚಿಕ್ಕಪ್ಪ ಬಂದ. ನನ್ನ ಚಿಕ್ಕಪ್ಪ ಅಲ್ಲ, ಹಾಗಂತ ಹೇಳಿಕೊಂಡು ಬಂದವನು. ಬಿಳಿ ಶರ್ಟು, ಬೆಣ್ಣೆಯಂಥ ಮಾತು.

"ನಮ್ಮಣ್ಣನ ಮಗಳು. ಮನೆ ಬಿಟ್ಟು ಎರಡು ವರ್ಷ ಆಯ್ತು. ಅವಳಮ್ಮ ಹಾಸಿಗೆ ಹಿಡಿದಿದ್ದಾರೆ. ಇವತ್ತೋ ನಾಳೆಯೋ ಅನ್ನೋ ಹಾಗಿದೆ."

ಫೋಟೊ ಕೊಟ್ಟ. ಬಿಳಿ ಕೋಟು ತೊಟ್ಟ ಹುಡುಗಿ, ಕೈಯಲ್ಲಿ ಗಾಜಿನ ಕೊಳವೆ. ಯಾವುದೋ ಲ್ಯಾಬು.

ಹನ್ನೊಂದು ದಿನ ಹಿಡಿಯಿತು. ಹಾಸ್ಟೆಲಿನ ಹಳೆಯ ಗೆಳತಿ, ಅವಳ ಹತ್ತಿರ ಒಂದು ಪೋಸ್ಟ್‌ಕಾರ್ಡು, ಕಾರ್ಡಿನ ಮೇಲೊಂದು ಲೈಟ್‌ಹೌಸ್. ಹುಡುಗಿ ಹೆಸರು ಬದಲಿಸಿಕೊಂಡು ಸಮುದ್ರದಲ್ಲಿ ಕಯಾಕ್ ಕಲಿಸುತ್ತಿದ್ದಳು. ಮೂರು ದಿನದ ಟ್ರಿಪ್. ಹಗಲು ಹುಟ್ಟು ಹಾಕುವುದು, ಸಂಜೆಯಾದರೆ ರಸ್ತೆಯಿಲ್ಲದ ಯಾವುದಾದರೂ ದಡದಲ್ಲಿ ಟೆಂಟು.

ಫೋನ್ ಮಾಡಿದೆ. ಚಿಕ್ಕಪ್ಪ ಖುಷಿಯಾದ.

"ಹೆದರಿಸಬೇಡಿ. ನೀವೂ ಟ್ರಿಪ್ಪಿಗೆ ಸೇರ್ಕೊಳ್ಳಿ. ನಿಧಾನಕ್ಕೆ ವಿಷಯ ತೆಗೀರಿ."

ಸೇರಿಕೊಂಡೆ. ನಲವತ್ತೆಂಟನೇ ವಯಸ್ಸಿನಲ್ಲಿ.

ನಾವು ಕಲಿಯುವವರು ಮೂವರು. ನಾನು. ಅರವತ್ತೇಳು ದಾಟಿದ ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಕೊನೇ ಗಳಿಗೆಯಲ್ಲಿ ಸೇರಿದ ಒಬ್ಬ ಡೆಂಟಿಸ್ಟ್. ಅಗಲ ಹೆಗಲು, ಹೊಚ್ಚಹೊಸ ಶೂ, ಮಾತಿಗೊಮ್ಮೆ ನಗು.

ಶುಕ್ರವಾರ ಬೆಳಿಗ್ಗೆ ಪಾಠ ಶುರು. ಹುಡುಗಿಯ ಮುಖ ಬಿಸಿಲಿಗೆ ಕಂದಿತ್ತು. ಮಾತು ಮಾತ್ರ ಚಾಕುವಿನ ಹಾಗೆ.

"ತೋಳಿಂದ ಹುಟ್ಟು ಹಾಕಬೇಡಿ ಅಕ್ಕ, ಸೊಂಟದಿಂದ ತಿರುಗಿ. ತೋಳು ಒಂದು ಗಂಟೆಗೆ ಸುಸ್ತಾಗುತ್ತೆ. ಸೊಂಟ ಇಡೀ ದಿನ ಬರುತ್ತೆ."

"ನನ್ನ ಸೊಂಟದ ವಿಷಯ ನಿನಗೆ ಗೊತ್ತಿಲ್ಲ," ಅಂದೆ.

"ನೀರಿಗೆ ಬಿದ್ರೆ ಪಕ್ಕದವರ ದೋಣಿಯ ಮೂತಿ ಹಿಡ್ಕೊಳ್ಳಿ. ಪಕ್ಕೆಗೆ ನೇತುಬೀಳಬೇಡಿ, ಅವರೂ ಮಗುಚ್ತಾರೆ."

ಹೆಡ್‌ಮಿಸ್ಟ್ರೆಸ್ ಕೈ ಎತ್ತಿದರು. ನಿಜವಾಗಿ ಎತ್ತಿದರು, ಕ್ಲಾಸಿನಲ್ಲಿ ಎತ್ತಿದ ಹಾಗೆ.

"ಆ ಪಟ್ಟಿ ಸಿಗದೇ ಹೋದ್ರೆ?"

"ಒಳ್ಳೇ ಪ್ರಶ್ನೆ. ಪಕ್ಕದಲ್ಲಿ ಸೊಂಟದ ಹತ್ತಿರ ಸ್ಕರ್ಟನ್ನ ಮುಷ್ಟಿಯಲ್ಲಿ ಹಿಂಡಿ ಹಿಡೀರಿ. ಮಂಡಿಯಿಂದ ಒಳಗಿಂದ ಗುದ್ದಿ. ಅಂಚು ಬಿಡುತ್ತೆ."

ಡೆಂಟಿಸ್ಟ್ ಆ ಹೊತ್ತಿಗೆ ಶೂಗೆ ಅಂಟಿದ ಮರಳು ಕೊಡವುತ್ತಿದ್ದ.

ಆ ಸಂಜೆ ಟೆಂಟಿನ ಗೂಟ ಹೊಡೆಯುವಾಗ ಹುಡುಗಿಯ ಪಕ್ಕಕ್ಕೆ ಹೋಗಿ ಕೂತೆ. ಸುತ್ತು ಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

"ನಿನ್ನ ಚಿಕ್ಕಪ್ಪ ಕಳಿಸಿದ್ದಾರೆ. ನಿಮ್ಮಮ್ಮನಿಗೆ ಹುಷಾರಿಲ್ಲ."

ಸುತ್ತಿಗೆ ಗಾಳಿಯಲ್ಲೇ ನಿಂತಿತು.

"ನಮ್ಮಮ್ಮ ಹೋಗಿ ಆರು ವರ್ಷ ಆಯ್ತು," ಅಂದಳು. "ನಮ್ಮಪ್ಪನಿಗೆ ತಮ್ಮಂದಿರೇ ಇಲ್ಲ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಇಷ್ಟು ಸಲೀಸಾಗಿ ಟೋಪಿ ಹಾಕಿರಲಿಲ್ಲ. ಹುಷಾರಿಲ್ಲದ ಒಬ್ಬ ತಾಯಿಯ ಕಥೆ ಸಾಕಾಯಿತು, ನಾನು ಅವರ ಮನೆಯ ವಿಳಾಸವನ್ನೂ ಕೇಳಲಿಲ್ಲ.

ಉಳಿದದ್ದನ್ನು ಅವಳೇ ಹೇಳಿದಳು. ಒಂದು ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಹೊಳೆಗೆ ಬಿಡುವ ನೀರನ್ನು ಪರೀಕ್ಷೆ ಮಾಡುವುದು. ನೀರಿನಲ್ಲಿ ವಿಷ ಇತ್ತು. ರಿಪೋರ್ಟಿನಲ್ಲಿ ಇಲ್ಲ ಅಂತ ಬರೆಯಲು ಹೇಳಿದರು. ಬರೆಯಲಿಲ್ಲ. ಹೊಳೆಯ ಕೆಳಗಿನ ಬಡಾವಣೆಯಲ್ಲಿ ಮಕ್ಕಳ ಕಾಲು ಸೊಟ್ಟಗಾಗತೊಡಗಿದ ಮೇಲೆ ಅಸಲಿ ರಿಪೋರ್ಟುಗಳನ್ನು ಮಕ್ಕಳ ಕಡೆಯ ವಕೀಲರಿಗೆ ಕೊಟ್ಟಳು. ಮಾರನೇ ದಿನ ಅವಳ ರೂಮಿನ ಬಾಗಿಲಿಗೆ ಬೆಂಕಿ ಬಿತ್ತು.

"ಸೋಮವಾರ ಕೋರ್ಟಿದೆ. ಆ ರಿಪೋರ್ಟು ನಾನೇ ಬರೆದಿದ್ದು ಅಂತ ನಾನು ಬಂದು ಹೇಳಬೇಕು. ಇಲ್ಲದಿದ್ರೆ ಅದು ಬರೀ ಕಾಗದ."

"ನೀನು ಎಲ್ಲಿದ್ದೀಯ ಅಂತ ನಾನೇ ಅವರಿಗೆ ಹೇಳಿದೆ," ಅಂದೆ. ಇಂಥ ಮಾತನ್ನು ಬೇಗ ಹೇಳಿ ಮುಗಿಸಬೇಕು.

ಅವಳು ಗೂಟವನ್ನು ಒಂದೇ ಏಟಿಗೆ ಇಳಿಸಿದಳು.

"ಹಾಗಾದ್ರೆ ನೀವೇ ನನ್ನ ಅಲ್ಲಿಗೆ ಮುಟ್ಟಿಸಿ."

ಬೆಳಿಗ್ಗೆ ನೋಡಿದರೆ, ಸಹಾಯ ಕೇಳಲು ಇಟ್ಟುಕೊಂಡಿದ್ದ ಅವಳ ರೇಡಿಯೊ ಸತ್ತಿತ್ತು. ಉಪ್ಪುನೀರು ಹೊಕ್ಕಿರಬೇಕು ಅಂದುಕೊಂಡೆವು. ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ದಡದ ಹಿಂದೆ ನೇರ ಬಂಡೆ, ಮುಂದೆ ನೀರು. ಟ್ರಿಪ್ ಮುಗಿಯುವ ಜೆಟ್ಟಿಯಲ್ಲಿ ಚಿಕ್ಕಪ್ಪ ಕಾಯುತ್ತಿರುತ್ತಾನೆ ಅಂತ ಲೆಕ್ಕ ಹಾಕಿ, ಬೇರೆ ದಾರಿ ಹಿಡಿದೆವು. ಗುಡ್ಡದ ಮೂತಿ ಸುತ್ತಿ ಲೈಟ್‌ಹೌಸಿನ ಕಡೆಗೆ. ಅಲ್ಲಿ ಕರಾವಳಿ ಪೊಲೀಸರ ಠಾಣೆ ಇತ್ತು.

ನನ್ನ ತಪ್ಪು ಅಲ್ಲೇ. ದೂರದ ಜೆಟ್ಟಿಯನ್ನು ನೋಡುತ್ತಾ ಕೂತೆ. ಪಕ್ಕದಲ್ಲೇ ನಿಂತು ನನ್ನ ಸ್ಕರ್ಟ್ ಬಿಗಿಯುತ್ತಿದ್ದವನನ್ನು ನೋಡಲಿಲ್ಲ.

ಗುಡ್ಡದ ಮೂತಿಯ ಹತ್ತಿರ ಅಲೆ ಎದ್ದಿತು. ಅದರ ಜೊತೆಗೇ ಅವನ ಕಯಾಕ್ ಬಂದು ನನ್ನ ಪಕ್ಕೆಗೆ ಗುದ್ದಿತು.

ಅಷ್ಟೇ. ಆಕಾಶ ಹೋಯಿತು.

ಈಗ ಉಸಿರು ಬಿಡಬಹುದು... ಇಲ್ಲ, ಇನ್ನೂ ಸ್ವಲ್ಪ ತಡೆಯಿರಿ.

ಸೊಂಟದ ಹತ್ತಿರ ರಬ್ಬರನ್ನು ಮುಷ್ಟಿಯಲ್ಲಿ ಹಿಂಡಿದೆ. ಜಾರಿತು. ಮತ್ತೆ ಹಿಂಡಿದೆ. ಮಂಡಿಯಿಂದ ಗುದ್ದಿದೆ. ಎದೆಯೊಳಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಮೂರನೇ ಗುದ್ದಿಗೆ ಅಂಚು ಬಿಟ್ಟಿತು.

ಮೇಲೆ ಬಂದೆ. ಗಾಳಿ ಇಷ್ಟು ರುಚಿ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಹುಡುಗಿ ಆಗಲೇ ಬಂದಿದ್ದಳು. ಮಗುಚಿದ ನನ್ನ ದೋಣಿಯ ಮೇಲೆ ಬಗ್ಗಿ ಎರಡೂ ಕೈಯಿಂದ ಅದನ್ನು ಎತ್ತುತ್ತಿದ್ದಳು. ಎರಡೂ ಕೈ. ಡೆಂಟಿಸ್ಟಿಗೆ ಬೇಕಾಗಿದ್ದು ಅದೇ. ನಾನು ಬರೀ ಗಾಳಕ್ಕೆ ಸಿಕ್ಕಿಸಿದ ಹುಳ.

ಅವನ ಕಯಾಕ್ ಅವಳ ಬೆನ್ನ ಹಿಂದೆ ಬಂದು ನಿಂತಿತ್ತು. ಹುಟ್ಟು ಮೇಲೆತ್ತಿದ್ದ. ಈಗ ನಗು ಇರಲಿಲ್ಲ.

ಕೂಗುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ. ಅವನ ಕಯಾಕಿನ ಪಕ್ಕೆ ಮಾತ್ರ ಕೈಗೆ ಸಿಗುವಷ್ಟು ದೂರದಲ್ಲಿತ್ತು. ಮಾಡಬೇಡಿ ಅಂತ ಅವಳು ಹೇಳಿದ್ದನ್ನೇ ಮಾಡಿದೆ. ಎರಡೂ ಕೈ ಹಾಕಿ, ನನ್ನ ಎಪ್ಪತ್ತೆರಡು ಕೇಜಿಯನ್ನೂ ಅದಕ್ಕೆ ನೇತುಹಾಕಿದೆ.

ಮಗುಚಿದ.

ಅವನ ಹುಟ್ಟು ಅವಳ ಕಿವಿಯ ಪಕ್ಕದಲ್ಲೇ ಹಾದು ನೀರಿಗೆ ಬಿತ್ತು.

ಒಳಗಿಂದ ದೋಣಿ ಬಡಿಯುವ ಸದ್ದು ಬಂತು. ಅವನ ಪಟ್ಟಿ ಹೊರಗೇ ಇತ್ತು, ಆದರೆ ಹೆದರಿದ ಕೈಗೆ ಏನೂ ಸಿಗುವುದಿಲ್ಲ. ಪಾಠದ ಹೊತ್ತಿಗೆ ಶೂ ಕೊಡವುತ್ತಿದ್ದನಲ್ಲ.

"ಅವನನ್ನ ಎತ್ತಬೇಕು," ಅಂದಳು ಹುಡುಗಿ.

"ನಿನ್ನ ತಲೆ ಒಡೆಯೋಕೆ ಬಂದಿದ್ದ ಅವನು."

"ನೋಡಿದೆ. ನನ್ನ ಟ್ರಿಪ್ಪಲ್ಲಿ ಯಾರೂ ಸಾಯಲ್ಲ ಅಕ್ಕ. ಅವನೂ ಅಷ್ಟೇ."

ನನ್ನನ್ನು ಕೇಳಿದ್ದರೆ ಇನ್ನೊಂದು ಅರ್ಧ ನಿಮಿಷ ಯೋಚನೆ ಮಾಡುತ್ತಿದ್ದೆ. ಅವಳು ಕೇಳಲಿಲ್ಲ. ದೋಣಿಯ ಮೇಲೆ ಅಡ್ಡ ಬಗ್ಗಿ, ಅವನ ಲೈಫ್ ಜಾಕೆಟ್ಟು ಹಿಡಿದು ಒಂದೇ ಎಳೆತಕ್ಕೆ ಮೇಲೆ ತಂದಳು. ಅವನು ಕೆಮ್ಮಿದ. ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಕೂತ.

ಹೆಡ್‌ಮಿಸ್ಟ್ರೆಸ್ ಅಷ್ಟರಲ್ಲಿ ತೇಲುತ್ತಿದ್ದ ಅವನ ಹುಟ್ಟನ್ನು ಎತ್ತಿ ತಮ್ಮ ದೋಣಿಗೆ ಸಿಕ್ಕಿಸಿಕೊಂಡಿದ್ದರು. ಕ್ಲಾಸಿನಲ್ಲಿ ಚಾಟರಬಿಲ್ಲು ಕಿತ್ತಿಟ್ಟುಕೊಳ್ಳುವ ಹಾಗೆ.

"ಇದು ಸಂಜೆಗೆ ಸಿಗುತ್ತೆ," ಅಂದರು ಅವನಿಗೆ. ಅವನ ಚೀಲವನ್ನೂ ತಡಕಿದರು. "ನಲವತ್ತು ವರ್ಷ ಮಕ್ಕಳ ಬ್ಯಾಗು ನೋಡಿದ್ದೀನಪ್ಪ." ರೇಡಿಯೊದ ಒಳ್ಳೆಯ ಬ್ಯಾಟರಿ ಹೊರಗೆ ಬಂತು; ಒಳಗೆ ಸತ್ತದ್ದೊಂದನ್ನು ತುರುಕಿಟ್ಟಿದ್ದ.

ಅದನ್ನು ಹಾಕಲು ರೇಡಿಯೊ ಕೈಗೆತ್ತಿಕೊಂಡರೆ, ಅದು ದೋಣಿ ಮಗುಚಿದಾಗಲೇ ನನ್ನ ಚೀಲದಲ್ಲಿ ನೀರು ಕುಡಿದಿತ್ತು. ಈಗ ನಿಜವಾಗಿಯೂ ಸತ್ತಿತ್ತು.

ಡೆಂಟಿಸ್ಟ್ ಹಲ್ಲು ಕಡಿಯುತ್ತಾ ನಕ್ಕ.

"ಹತ್ತು ಗಂಟೆಗೆ ಟೆಂಟಿನ ದಡಕ್ಕೆ ಬೋಟ್ ಬರುತ್ತೆ, ನನ್ನ ಕರ್ಕೊಂಡು ಹೋಗೋಕೆ. ಅಲ್ಲಿಂದ ನಾವು ಕಾಣ್ತೀವಿ. ಎಲ್ಲಿಗೆ ಓಡ್ತೀರಿ?"

ಹತ್ತಕ್ಕೆ ಐದು ನಿಮಿಷವಿತ್ತು. ಎಂಜಿನ್ನಿನ ಸದ್ದು ಆಗಲೇ ಕೇಳುತ್ತಿತ್ತು.

ಹುಡುಗಿ ನನ್ನನ್ನು ದೋಣಿಗೆ ಹತ್ತಿಸಿದಳು. ಸ್ಕರ್ಟ್ ಹಾಕಿದಳು. ಪಟ್ಟಿಯನ್ನು ಹೊರಗೆ ಎಳೆದು ನನ್ನ ಕೈಗೇ ಕೊಟ್ಟು ತೋರಿಸಿದಳು.

"ಆ ಬಂಡೆಗಳು ಕಾಣ್ತಾವಾ? ನಡುವೆ ದಾರಿ ಇದೆ. ಮೊಣಕಾಲುದ್ದ ನೀರು. ಕಯಾಕಿಗೆ ಒಂದು ಗೇಣು ಸಾಕು. ಬೋಟಿಗೆ ಸಾಲದು."

"ನಾನು ನಿನ್ನೆ ಕಲಿತವಳು."

"ನಿನ್ನೆಯಿಂದ ಕಲೀತಾ ಇದ್ದೀರಲ್ಲ, ಸಾಕು. ಸೊಂಟದಿಂದ, ಅಕ್ಕ."

ಹೊರಟೆವು. ಹೆಡ್‌ಮಿಸ್ಟ್ರೆಸ್ ಮೊದಲು, ಬೆನ್ನು ಗೋಡೆಯಷ್ಟು ನೇರ. ನಡುವೆ ನಾನು. ಹಿಂದೆ ಹುಡುಗಿ, ಅವಳ ಹಗ್ಗದ ಕೊನೆಯಲ್ಲಿ ಹುಟ್ಟಿಲ್ಲದೆ ಕೂತ ಡೆಂಟಿಸ್ಟ್.

ತೋಳು ಉರಿಯಿತು. ಅಂಗೈಯ ಬೊಬ್ಬೆ ಒಡೆದು ಉಪ್ಪು ಹತ್ತಿತು. ಎಡ, ಬಲ, ಎಡ... ಹಿಂದೆ ಎಂಜಿನ್ ದೊಡ್ಡದಾಗುತ್ತಾ ಬಂತು. ತಿರುಗಿ ನೋಡಿದೆ.

ಬೋಟಿನ ಮುಂದೆ ನಿಂತಿದ್ದವನು ಚಿಕ್ಕಪ್ಪ. ಅದೇ ಬಿಳಿ ಶರ್ಟು.

"ಮೇಡಂ," ಕೂಗಿದ. "ನಿಮ್ಮ ಕೆಲಸ ಮುಗೀತು. ನೀವು ಪಕ್ಕಕ್ಕೆ ಸರೀರಿ. ನಿಮಗೇನೂ ಆಗಲ್ಲ."

"ನಿಮ್ಮತ್ತಿಗೆ ಹೇಗಿದ್ದಾರೆ?" ಕೂಗಿದೆ.

ಅವನು ಡ್ರೈವರನಿಗೆ ಕೈ ಬೀಸಿದ. ಬೋಟ್ ವೇಗ ಹೆಚ್ಚಿಸಿತು.

ಬಂಡೆಗಳ ಬಾಯಿ ಎದುರಿಗೆ ಬಂತು. ಎರಡು ದೋಣಿಯಷ್ಟು ಅಗಲ. ನೀರು ಒಳಗೆ ಹೋಗಿ ಬಿಳಿಯಾಗಿ ವಾಪಸ್ ಉಕ್ಕುತ್ತಿತ್ತು.

"ಅಲೆ ಬರೋ ತನಕ ತಡೀರಿ," ಹುಡುಗಿ ಹಿಂದಿನಿಂದ ಹೇಳಿದಳು. ಅವಳ ದನಿಯಲ್ಲಿ ಒಂದು ಚೂರೂ ಅವಸರ ಇರಲಿಲ್ಲ. "ತಡೀರಿ... ತಡೀರಿ... ಈಗ ಹೋಗಿ."

ಅಲೆ ಎತ್ತಿಕೊಂಡಿತು. ಎಡಕ್ಕೆ ಬಂಡೆ, ಬಲಕ್ಕೆ ಬಂಡೆ, ಚಿಪ್ಪುಗಳು ಕಾಣುವಷ್ಟು ಹತ್ತಿರ. ದೋಣಿಯ ತಳ ಕೀರಲು ದನಿಯಲ್ಲಿ ಕಿರುಚಿತು. ನಾನು ಕಿರುಚಲಿಲ್ಲ. ಅಥವಾ ಇಬ್ಬರೂ ಒಂದೇ ಸಲ ಕಿರುಚಿರಬೇಕು.

ಆಮೇಲೆ ಇದ್ದಕ್ಕಿದ್ದಂತೆ ಶಾಂತ ನೀರು. ತಿಳಿಹಸಿರು. ತಳದ ಮರಳು ಕಾಣುತ್ತಿತ್ತು.

ಹಿಂದೆ ಹುಡುಗಿ ಬಂದಳು. ಹಗ್ಗದ ಕೊನೆಯಲ್ಲಿ ಡೆಂಟಿಸ್ಟ್ ಕಣ್ಣು ಮುಚ್ಚಿಕೊಂಡು ಬಂದ.

ಬೋಟ್ ಬರಲಿಲ್ಲ. ಕಬ್ಬಿಣ ಕಲ್ಲಿಗೆ ತಾಗಿದ ಸದ್ದು ಕೇಳಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಬಂಡೆಗಳಾಚೆ ಚಿಕ್ಕಪ್ಪ ತನ್ನ ಡ್ರೈವರನಿಗೆ ಬೈಯುತ್ತಿದ್ದುದು ಬಹಳ ಹೊತ್ತು ಕೇಳಿಸಿತು. ಮಾತಿನಲ್ಲಿ ಬೆಣ್ಣೆ ಮುಗಿದಿತ್ತು.

ಲೈಟ್‌ಹೌಸಿನ ಕೆಳಗೆ ದಡ ಮುಟ್ಟಿದೆವು. ಹುಡುಗಿ ನನ್ನ ಕಂಕುಳಿಗೆ ಕೈ ಹಾಕಿ ದೋಣಿಯಿಂದ ಎತ್ತಿದಳು. ಠಾಣೆಯ ಬೆಂಚಿನ ಮೇಲೆ ನಾವು ನಾಲ್ಕೂ ಜನ ನೀರು ಸುರಿಸುತ್ತಾ ಕೂತೆವು, ಡೆಂಟಿಸ್ಟ್ ನಡುವೆ. ಹೇಳಿಕೆ ಬರೆದುಕೊಂಡ ಪೊಲೀಸಿನವನ ಕಾಗುಣಿತವನ್ನು ಹೆಡ್‌ಮಿಸ್ಟ್ರೆಸ್ ಎರಡು ಕಡೆ ತಿದ್ದಿದರು.

ಸೋಮವಾರ ಹುಡುಗಿ ಕಟಕಟೆ ಹತ್ತಿದಳು. ಬಿಸಿಲಿಗೆ ಸುಲಿದ ಮೂಗು, ಎರವಲು ತಂದ ಬಿಳಿ ಅಂಗಿ. ಮೂರು ಗಂಟೆ ಮಾತಾಡಿದಳು. ಯಾವ ತಾರೀಕು, ಯಾವ ಬಾಟಲಿ, ಎಷ್ಟು ವಿಷ, ಸುಳ್ಳು ಬರೆಯಲು ಯಾರು ಹೇಳಿದರು. ಕಾಗದ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ತಾಯಿ, ಮೂರು ಗಂಟೆಯೂ ಅಲುಗಲಿಲ್ಲ.

ಆಮೇಲೆ ನನ್ನ ಸರದಿ. ಚಿಕ್ಕಪ್ಪ ಫ್ಯಾಕ್ಟರಿಯ ಸೆಕ್ಯೂರಿಟಿ ಆಫೀಸರ್, ಡೆಂಟಿಸ್ಟ್ ಅವನ ಕೈಕೆಳಗಿನವನು ಅಂತ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನನ್ನ ತಪ್ಪನ್ನೂ ಒಂದಕ್ಷರ ಬಿಡದೆ ಹೇಳಿದೆ. ಈ ಮಾತು ಹೊರಗೆ ಬಂದರೆ ನನ್ನ ಹತ್ತಿರ ಇನ್ನು ಯಾರೂ ಬರಲ್ಲ ಅಂತ ಗೊತ್ತಿತ್ತು. ಬರದಿದ್ದರೆ ಬೇಡ.

ಫ್ಯಾಕ್ಟರಿಯ ವಕೀಲ ಎದ್ದು ನಿಂತ. ಕನ್ನಡಕ ಒರೆಸಿಕೊಂಡ.

"ಜೀವನದಲ್ಲಿ ಎರಡನೇ ದಿನ ಕಯಾಕ್ ಹತ್ತಿದವರು ನೀವು. ಅಲೆ ದೊಡ್ಡದಿತ್ತು. ದೋಣಿ ಮಗುಚಿತು. ಪಟ್ಟಿ ಸಿಗಲಿಲ್ಲ ಅಂತೀರಿ. ಕೊಲ್ಲೋಕೆ ಬಂದವನು ಪಕ್ಕದಲ್ಲೇ ಇದ್ದ ಅಂತೀರಿ. ಇದೆಲ್ಲ ನಿಜವಾಗಿದ್ರೆ ನೀವು ಬದುಕಿದ್ದು ಹೇಗೆ ಅಂತ ಕೋರ್ಟಿಗೆ ಸ್ವಲ್ಪ ಹೇಳ್ತೀರಾ?"

"ಹೇಳ್ತೀನಿ," ಅಂದೆ. "ನೇತುಬೀಳೋಕೆ ಅಂತ ನಿಮ್ಮ ಕಂಪನಿಯವರೇ ಡೆಂಟಿಸ್ಟ್ ಸಮೇತ ಒಂದು ದೋಣಿ ಕಳಿಸಿದ್ರು."