ಕೆಂದನ ಹಿಂದೆ ಇಬ್ಬರು

"ನಾಯೀನ ನಾ ಕೊಡಾಕಿಲ್ಲ."

ಸುಂದ್ರಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಸೀರೆಗೆ ಮೂತಿ ಒತ್ತಿಕೊಂಡು ಹಿಂದೆ ಕೆಂದ ನಿಂತಿತ್ತು. ಅಂಗಳದಲ್ಲಿ ಸೋಮಯ್ಯ, ಕಂಕುಳಲ್ಲಿ ಒಂದು ಗಂಟು, ಕೈಯಲ್ಲಿ ಒಂದು ಹಗ್ಗ.

"ಎಲ್ಡೇ ದಿನ ಕಣಮ್ಮಿ. ಕಾಡಿಗೋಗಿ ಬಂದ್ಬುಡ್ತೀನಿ. ಜೊತೇಲಿ ನಾಯಿ ಇದ್ರೆ ಧೈರ್ಯ."

"ಧೈರ್ಯಕ್ಕೋ, ಚಿರತೆ ಬಾಯಿಗೋ?"

ಕಾಕನಕೋಟೆ ಕಾಡಿಗೆ ಶಿಕಾರಿಗೆ ಬಂದ ದೊರೆಯೊಬ್ಬ ಮರದ ಬುಡಕ್ಕೆ ನಾಯಿ ಕಟ್ಟಿ, ಮೇಲೆ ಅಟ್ಟಣಿಗೆಯಲ್ಲಿ ಕೂತು ಚಿರತೆ ಕಾಯುತ್ತಾನೆ ಅಂತ ಸರಗೂರು ಸಂತೆಯಲ್ಲೆಲ್ಲ ಸುದ್ದಿ. ಹೋದ ವರ್ಷ ಅಂಥದ್ದೇ ಒಬ್ಬ ದೊರೆಯ ಡೇರೆ ಸಾಮಾನು ಹೊರಲು ಸೋಮಯ್ಯ ಕೂಲಿಗೆ ಹೋಗಿದ್ದ. ಈಗ ನಾಯಿ ಕೇಳಿಕೊಂಡು ಬಂದಿದ್ದಾನೆ. ಇನ್ನೇನು ತಿಳಿಯಬೇಕು ಅವಳು?

"ನಿನ್ನಂಥೋನು ಇಂಗ್ ಮಾಡ್ತೀಯ ಅಂತ ಅಂದ್ಕಂಡಿರ್ಲಿಲ್ಲ," ಅಂದಳು. ಆ ಮಾತಲ್ಲಿ ನಾಯಿಗಿಂತ ಹೆಚ್ಚಿನದೇನೋ ಇತ್ತು. ಅವನಿಗೆ ಅದು ಕೇಳಿಸಿತೋ ಏನೋ.

ಬೇರೆ ದಿನವಾಗಿದ್ದರೆ ಸೋಮಯ್ಯ ನಗುತ್ತಿದ್ದ. ದಾರಿಯಲ್ಲಿ ಸಿಕ್ಕಾಗೆಲ್ಲ ಅವಳ ಕಣ್ಣಲ್ಲಿ ಕಣ್ಣಿಟ್ಟು, ಅವಳು ಸೋತು ನೆಲ ನೋಡುವವರೆಗೂ ಬಿಡದವನು ಅವನು. ಇವತ್ತು ಮಾತ್ರ ಅವನೇ ನೆಲ ನೋಡುತ್ತಿದ್ದ. "ಆಯ್ತು ಬುಡು," ಅಂದು ತಿರುಗಿದ.

ತಿರುಗುವಾಗ ಗಂಟು ಸಡಿಲವಾಗಿ ಏನೋ ಟಣ್ ಅಂತ ಕಲ್ಲಿನ ಮೇಲೆ ಬಿತ್ತು. ದಪ್ಪ ಚರ್ಮದ ಪಟ್ಟಿ. ಸುತ್ತಲೂ ಕಬ್ಬಿಣದ ಮೊಳೆಗಳು, ಚೂಪು ಹೊರಕ್ಕೆ.

ಸುಂದ್ರಮ್ಮ ಎತ್ತಿಕೊಂಡಳು. "ಇದೇನು?"

"ಚಿರತೆ ನಾಯಿ ಕತ್ತಿಗೇ ಬಾಯಾಕೋದು. ಮೊಳೆ ಚುಚ್ಚಿದ್ರೆ ಬುಟ್ಬುಡ್ತದೆ."

ಬಲಿಗೆ ಕಟ್ಟುವ ನಾಯಿಗೆ ಯಾರಾದರೂ ಇಂಥದ್ದು ಮಾಡಿಸುತ್ತಾರಾ? ಅವಳು ಬಗ್ಗಿ ಪಟ್ಟಿಯನ್ನು ಕೆಂದನ ಕುತ್ತಿಗೆಗೆ ಹಿಡಿದು ನೋಡಿದಳು. ಹೇಳಿ ಮಾಡಿಸಿದ ಹಾಗೆ ಕೂತಿತು.

"ಇದರ ಅಳತೆ ನಿಂಗೆ ಯಾರು ಕೊಟ್ರು?"

"ನಿಮ್ಮನೆ ಮುಂದೆ ಓಗುವಾಗೆಲ್ಲ ಇದರ ಕತ್ತು ಸವರ್ತಿದ್ನಲ್ಲ."

"ನಾಯಿ ಸವರಾಕಾ ಇತ್ಲಾಗೆ ಬತ್ತಿದ್ದದ್ದು?"

ಅವನ ಕಿವಿ ಕೆಂಪಾಯಿತು. ಸುಂದ್ರಮ್ಮನ ಎದೆ ಒಮ್ಮೆ ಹಗುರಾಗಿ, ಮರುಕ್ಷಣವೇ ಭಾರವಾಯಿತು. ದೊರೆಗಲ್ಲ ಅಂದ ಮೇಲೆ ಇವನಿಗೆ ಕಾಡಲ್ಲೇನು ಕೆಲಸ? ಅದೂ ಕೆಂದನನ್ನೇ ಕೇಳುವುದಕ್ಕೆ?

"ಸೋಮಯ್ಯ, ನನ್ನ ಮುಖ ನೋಡಿ ಹೇಳು. ಅಪ್ಪಂಗೇನಾಗದೆ?"

ಅವಳ ಅಪ್ಪ ಸಿದ್ದಯ್ಯ ಪ್ರತಿ ಬೇಸಿಗೆಯೂ ದನಗಳನ್ನು ಹೊಡೆದುಕೊಂಡು ಕಾಡಿನ ದೊಡ್ಡಿಗೆ ಹೋಗುತ್ತಿದ್ದ. ಜೊತೆಗೆ ಕೆಂದ ಇದ್ದೇ ಇರುತ್ತಿತ್ತು. ಈ ಸಲ ಪಾದಕ್ಕೆ ಮುಳ್ಳು ನಾಟಿ ಕುಂಟುತ್ತಿದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟಿದ್ದ. ಈಗ ಅದರ ಕಾಲು ವಾಸಿಯಾಗಿತ್ತು.

"ಸಂತೇಲಿ ಪಕ್ಕದ ದೊಡ್ಡಿಯೋರು ಸಿಕ್ಕಿದ್ರು," ಅಂದ ಸೋಮಯ್ಯ ಮೆಲ್ಲಗೆ. "ನಿಮ್ಮ ದನಗೋಳು ಅವರ ದೊಡ್ಡಿಗೆ ಬಂದವಂತೆ. ಬರೀ ದನಗೋಳೇ. ಹಿಂದೆ ನಿಮ್ಮಪ್ಪ ಬಂದಿಲ್ಲ. ಎಲ್ಲಾ ಕಡೆ ಕೂಗಿ ನೋಡಿದ್ರಂತೆ. ನಿಂಗೇಳಿ ಹೆದರಿಸೋದ್ಯಾಕೆ, ಕರ್ಕಂಡೇ ಬರಾನ ಅಂತ..."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಳಲಿಲ್ಲ. "ಕೆಂದ ನಿನ್ನ ಮಾತು ಕೇಳಾಕಿಲ್ಲ," ಅಂದಳು. "ನಾನೂ ಬತ್ತೀನಿ."

ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡ ತಾಯಿ ಪುಟ್ಟಮಲ್ಲಮ್ಮ ಹೊಸ್ತಿಲಲ್ಲೇ ಕುಸಿದಳು. ಗಂಡನಿಗೇನಾಯಿತೋ ಅನ್ನುವ ಭಯ ಒಂದು ಕಡೆ, ಮಗಳ ಹೆಸರು ಕೆಟ್ಟೀತು ಅನ್ನುವ ಭಯ ಇನ್ನೊಂದು ಕಡೆ. "ಪಿರಿಯಾಪಟ್ಟಣದೋರು ನಿನ್ನ ನೋಡಾಕೆ ಬರೋರವ್ರೆ. ಗಂಡಸಿನ ಜೊತೆ ಕಾಡಲ್ಲಿ ಇದ್ದು ಬಂದೋಳು ಅಂದ್ರೆ ಊರೇನಂದಾತು?"

"ಅಪ್ಪನೇ ಇಲ್ಲ ಅಂದ್ಮೇಲೆ ಊರು ಏನಂದ್ರೇನವ್ವ?"

ಪುಟ್ಟಮಲ್ಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಹೋಗಿ, ಸಿದ್ದಯ್ಯನ ಹಳೆಯ ಗೆಳೆಯ ದಾಸಯ್ಯನನ್ನು ಕರೆತಂದಳು. "ಇವ್ರು ಜೊತೇಲಿದ್ರೆ ಓಗು," ಅಂದಳು.

ಆ ಮಧ್ಯಾಹ್ನ ತಯಾರಿ ನಡೆಯಿತು. ಒಲೆಯ ಮುಂದೆ ಸುಂದ್ರಮ್ಮ ರಾಗಿರೊಟ್ಟಿ ತಟ್ಟಿದಳು, ಹುರುಳಿ ಹುರಿದು ಬಟ್ಟೆಗೆ ಕಟ್ಟಿದಳು. ಕಂಬಳಿ, ಮಚ್ಚು, ಲಾಟೀನು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಬೆಂಕಿಪೊಟ್ಟಣ ಒಂದೊಂದಾಗಿ ಜಗಲಿಗೆ ಬಂದವು. ಅಂಗಳದ ಮಣ್ಣಲ್ಲಿ ಸೋಮಯ್ಯ ಕಡ್ಡಿಯಿಂದ ದಾರಿ ಗೀಚಿದ.

"ಹಳ್ಳದ ದಂಡೇಲಿ ಇಳ್ಕಳಂಗಿಲ್ಲ. ಸಂಜೆಗೆ ಆನೆ ನೀರಿಗೆ ಬತ್ತವೆ. ಹೊತ್ತು ಮುಳುಗಾಕೆ ಮುಂಚೆ ಈ ಬಂಡೆ ಹತ್ತಬೇಕು. ಸುತ್ತ ಮುಳ್ಳು ಎಳ್ದು, ನಡುವೆ ಬೆಂಕಿ."

"ಕೆಂದ ಎಲ್ಲಿ ಮನಗೋದು?"

"ನಿನ್ನ ಪಕ್ಕ."

"ನೀನು?"

"ಬೆಂಕಿ ಆಚೆ ಕಡೆ," ಅಂದ. ಈಗ ತಲೆಯೆತ್ತಿ ನೋಡಿದ. ಆ ನೋಟದಲ್ಲಿ ಚೇಷ್ಟೆ ಇರಲಿಲ್ಲ. ಅದನ್ನು ಎದುರಿಸುವುದು ಅವಳಿಗೆ ಇನ್ನೂ ಕಷ್ಟವಾಯಿತು.

ಮಾರನೆಯ ದಿನ ಕೆಂದನ ಕುತ್ತಿಗೆಗೆ ಮೊಳೆಪಟ್ಟಿ ಕಟ್ಟಿ, ಮಬ್ಬಿನಲ್ಲೇ ಹೊರಟರು. ಅಂದುಕೊಂಡಂತೆಯೇ ಬಂಡೆ ಸೇರಿದಾಗ ಬಿಸಿಲಿನ್ನೂ ಮರದ ತುದಿಯಲ್ಲಿತ್ತು. ಬೆಂಕಿ ಹತ್ತಿಕೊಳ್ಳುತ್ತಿದ್ದ ಹಾಗೇ ಕೆಳಗಿನ ಪೊದೆಗಳ ಕಡೆಯಿಂದ ಗರಗಸ ಎಳೆದಂಥ ಸದ್ದು ಬಂತು. ಒಮ್ಮೆ. ಮತ್ತೊಮ್ಮೆ, ಹತ್ತಿರದಲ್ಲಿ. "ಚಿರತೆ," ಅಂದ ದಾಸಯ್ಯ.

ಕೆಂದನ ಬೆನ್ನಿನ ಕೂದಲು ನಿಮಿರಿತು. ಹಾರಲು ಹೊರಟ ನಾಯಿಯ ಸೊಂಟವನ್ನು ಸುಂದ್ರಮ್ಮ ಅಪ್ಪಿ ಹಿಡಿದಳು. ಹಗ್ಗಕ್ಕೆ ಕೈ ಹಾಕಿದರೆ, ಅಲ್ಲಿ ಆಗಲೇ ಸೋಮಯ್ಯನ ಕೈ ಇತ್ತು. ಇಬ್ಬರೂ ಬಿಡಲಿಲ್ಲ. ದಾಸಯ್ಯ ಉರಿಯುವ ಕೊಳ್ಳಿಯನ್ನು ಬೀಸಿ ಪೊದೆಯತ್ತ ಎಸೆದ. ಏನೋ ಭಾರವಾದದ್ದು ಎಲೆಗಳನ್ನು ತುಳಿದುಕೊಂಡು ದೂರ ಸರಿಯಿತು.

ಎಷ್ಟೋ ಹೊತ್ತಿನ ಮೇಲೂ ಅವನ ಬೆರಳುಗಳು ಅವಳ ಬೆರಳ ಮೇಲೇ ಇದ್ದವು. ದಾಸಯ್ಯ ಕಂಬಳಿ ಹೊದ್ದು ಆಚೆ ತಿರುಗಿ, "ನಂಗೆ ಕಿವಿ ಮಂದ ಕಣ್ರಪ್ಪಾ," ಅಂದ. ಆದರೆ ಅಪ್ಪ ಸಿಗುವ ತನಕ ಬೇರೆ ಮಾತು ಅವಳಿಗೆ ಬೇಡವಾಗಿತ್ತು. ಅದು ಅವನಿಗೂ ಗೊತ್ತಿತ್ತು.

ಬೆಳಗ್ಗೆ ದೊಡ್ಡಿಯ ದಾರಿ ಹಿಡಿದವರನ್ನು ಕೆಂದ ನಡುವೆಯೇ ಬಿಟ್ಟು ಓಡಿತು. ಮೂಗು ನೆಲಕ್ಕೆ ಹಚ್ಚಿ ಬಿದಿರುಮೆಳೆಯೊಳಗೆ ನುಗ್ಗಿ ಮರೆಯಾಯಿತು. ಬೊಗಳಲಿಲ್ಲ, ಸದ್ದಿಲ್ಲ. ಸುಂದ್ರಮ್ಮ ಮುಳ್ಳು ಪರಚುವುದನ್ನೂ ಲೆಕ್ಕಿಸದೆ ಹಿಂದೆ ಓಡಿದಳು. ಕೊರಕಲಿನ ಅಂಚಿಗೆ ಬಂದಾಗ ಕೆಳಗಿಂದ ಕುಂಯ್‌ಗುಡುವ ದನಿ ಕೇಳಿತು. ಹಿಂದೆಯೇ ಒಂದು ಒಣಗಿದ ಗಂಟಲು:

"ಬಂದ್ಯಾ ಮಗನೇ..."

ಸಿದ್ದಯ್ಯನ ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಕರುವೊಂದನ್ನು ಹುಡುಕುತ್ತಾ ಜಾರಿ ಬಿದ್ದವನು ಕಲ್ಲುಸಂದಿಯಲ್ಲಿ ಜಿನುಗುವ ನೀರು ನೆಕ್ಕಿಕೊಂಡು ಜೀವ ಹಿಡಿದಿದ್ದ. ಸುಂದ್ರಮ್ಮ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದುವರೆಗೂ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಬಿದಿರು ಕಡಿದು, ಕಂಬಳಿ ಕಟ್ಟಿ, ಗಂಡಸರಿಬ್ಬರೂ ಅವನನ್ನು ಹೊತ್ತರು. ಮಧ್ಯಾಹ್ನ ಮತ್ತಿಮರದ ನೆರಳಲ್ಲಿ ಇಳಿಸಿದಾಗ ಸಿದ್ದಯ್ಯ ಕಣ್ಣು ಮುಚ್ಚಿದ್ದ. ದಾಸಯ್ಯ ನೀರು ತರಲು ಹೋದ. ಸೋಮಯ್ಯನ ಹೆಗಲು ಬಿದಿರು ಉಜ್ಜಿ ತರಚಿತ್ತು. ಸುಂದ್ರಮ್ಮ ಸೆರಗಿನ ತುದಿಯಿಂದ ರಕ್ತ ಒತ್ತಿದಳು.

"ಪಿರಿಯಾಪಟ್ಟಣದೋರು ಇನ್ನು ಬರಾಕಿಲ್ಲ," ಅಂದಳು.

"ನನ್ನಿಂದ ನಿಂಗೆ ಕೆಟ್ಟೆಸ್ರು ಬಂತು."

"ಅವ್ರು ಬರದಿದ್ರೆ ಸಾಕು ಅಂತ ನಾನೇ ಬೇಡ್ಕಂಡಿದ್ದೆ."

ಸೋಮಯ್ಯ ಅವಳತ್ತ ತಿರುಗಿದ. "ಯಾಕೆ?"

"ನೀನೇ ಹೇಳು. ದಾರೀಲಿ ಹಂಗೆ ನೋಡ್ತಿದ್ದೋನು, ಈಗ ಬಾಯಿ ಬರಾಕಿಲ್ವಾ?"

"ಬತ್ತದೆ," ಅಂದ. "ನನ್ನ ಮನೆಗೆ ಬತ್ತೀಯಾ ಸುಂದ್ರಿ? ನಂಗೆ ನಿನ್ನ ಬುಟ್ರೆ ಬೇರೆ ಯಾರೂ ಬ್ಯಾಡ."

ಅವಳು ಬಾಯಿ ತೆರೆಯುವಷ್ಟರಲ್ಲಿ ಕಂಬಳಿಯ ಮೇಲಿಂದ ನರಳಿಕೆಯ ಜೊತೆ ಮಾತು ಬಂತು. "ನಾನಿನ್ನೂ ಬದುಕಿವ್ನಿ ಕಣ್ಲಾ. ನನ್ನೂ ಒಂದ್ ಮಾತು ಕೇಳು."

ಸೋಮಯ್ಯ ದಡಬಡಿಸಿ ಎದ್ದು ಕೈ ಮುಗಿದ. "ಕೇಳ್ತಾ ಇದ್ದೀನಿ ಮಾವ."

"ಮಾವ ಅಂತ ಆಗ್ಲೇ ಕರ್ದಾಯ್ತಲ್ಲ," ಅಂದ ಸಿದ್ದಯ್ಯ. ಮಗಳತ್ತ ಕಣ್ಣು ತಿರುಗಿಸಿದ. "ನೀನೇನಮ್ಮಿ ಅಂತೀಯ?"

ಸುಂದ್ರಮ್ಮ ಈ ಸಲ ನೆಲ ನೋಡಲಿಲ್ಲ. "ಊಂ ಅಂತೀನಿ," ಅಂದಳು.